ತಪ್ಪು ಬರೆದ ಚೀಟಿ

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆಯ ಪಾಠ ಹೇಳಿ ನಿವೃತ್ತನಾದ ಮೇಲೆ, ಇನ್ನು ಯಾರ ಉತ್ತರವನ್ನೂ ತಿದ್ದುವ ಹೊಣೆ ನನಗಿಲ್ಲವೆಂದು ನೆಮ್ಮದಿಯಿಂದಿದ್ದೆ. 2016ರಲ್ಲಿ ತುಮಕೂರಿನ ಸ್ನೇಹಿತರಾದ ಪಾದ್ರಿಗಳೊಬ್ಬರು ಮನೆಗೆ ಬಂದು, ತಮ್ಮ ಸಭೆಯ ಕಿರಿಯರಿಗಾಗಿ ಏರ್ಪಡಿಸಿದ್ದ ರಸಪ್ರಶ್ನೆ ಸ್ಪರ್ಧೆಯಲ್ಲಿ ಪ್ರಶ್ನೆ ಕೇಳುವ ಕೆಲಸವನ್ನು ನನಗೆ ಒಪ್ಪಿಸಿದರು. ತುಮಕೂರು, ಗುಬ್ಬಿ, ಕುಣಿಗಲ್ ಈ ಮೂರು ಊರುಗಳ ತಂಡಗಳು. ವಿಷಯ, ಬೈಬಲ್ ಮತ್ತು ಕ್ರೈಸ್ತ ಚರಿತ್ರೆ.

“ನಾನು ನಿಮ್ಮ ಮತದವನಲ್ಲವಲ್ಲ!” ಎಂದೆ.

“ಅದಕ್ಕೇ ಬಂದೆ ಮೇಷ್ಟ್ರೆ. ನೀವಾದರೆ ಪಕ್ಷಪಾತದ ಮಾತು ಏಳುವುದಿಲ್ಲ” ಎಂದು ನಕ್ಕರು.

ಒಂದು ತಿಂಗಳು ಕುಳಿತು ಓದಿದೆ. ಕನ್ನಡದ ಕ್ರೈಸ್ತರು ಬೈಬಲನ್ನು ‘ಸತ್ಯವೇದ’ವೆನ್ನುತ್ತಾರೆ. ಪ್ರಾಟೆಸ್ಟಂಟ್ ಸಭೆಗಳು ಬಳಸುವ ಬೈಬಲಿನಲ್ಲಿ ಹಳೆಯ ಒಡಂಬಡಿಕೆಯ 39, ಹೊಸ ಒಡಂಬಡಿಕೆಯ 27, ಒಟ್ಟು 66 ಪುಸ್ತಕಗಳಿವೆ. ಮೊದಲ ಐದರ ಹೆಸರು ಆದಿಕಾಂಡ, ವಿಮೋಚನಕಾಂಡ, ಯಾಜಕಕಾಂಡ, ಅರಣ್ಯಕಾಂಡ, ಧರ್ಮೋಪದೇಶಕಾಂಡ. ರಾಮಾಯಣ ಕೇಳಿ ಬೆಳೆದ ನಾನು ನಾಲ್ಕನೆಯ ಹೆಸರಿಗೆ ಬಂದಾಗ ಓದು ನಿಲ್ಲಿಸಿ ಕನ್ನಡಕ ಒರೆಸಿಕೊಂಡೆ. ಅಲ್ಲಿ ರಾಮನಿಗೆ ಹದಿನಾಲ್ಕು ವರ್ಷದ ವನವಾಸ. ಇಲ್ಲಿ ಇಸ್ರಾಯೇಲ್ಯರಿಗೆ ನಲವತ್ತು ವರ್ಷದ ಅಲೆದಾಟ. ಇಂಗ್ಲಿಷಿನಲ್ಲಿ ಈ ಪುಸ್ತಕಕ್ಕೆ ‘ಎಣಿಕೆಗಳು’ ಎಂಬ ಅರ್ಥದ ಒಣ ಹೆಸರಿದೆ. ಕನ್ನಡದ ಹೆಸರು ‘ಅರಣ್ಯದಲ್ಲಿ’ ಎಂಬ ಹೀಬ್ರೂ ಹೆಸರಿಗೆ ಹತ್ತಿರವಾದುದು, ನಮ್ಮ ಕಿವಿಗೂ ಹಿತವಾದುದು.

ಸ್ಪರ್ಧೆಯ ದಿನ ಮಕ್ಕಳ ಜ್ಞಾನವನ್ನು ಕಂಡು ಬೆರಗಾದೆ. ಪೌಲನನ್ನು ಸೆರೆಯಾಳಾಗಿ ರೋಮಿಗೆ ಒಯ್ಯುತ್ತಿದ್ದ ಹಡಗು ಯಾವ ದ್ವೀಪದ ಬಳಿ ಒಡೆಯಿತೆಂದು ಕೇಳಿದರೆ, ಗುಬ್ಬಿಯ ಹುಡುಗ ಪ್ರಶ್ನೆ ಮುಗಿಯುವ ಮೊದಲೇ “ಮಾಲ್ಟಾ” ಎಂದ. ಆದರೆ ಮುಂದಿನ ಪ್ರಶ್ನೆಗೆ ಅದೇ ಹುಡುಗ ತಲೆ ಕೆರೆದುಕೊಂಡ. “1839ರಲ್ಲಿ, ತನ್ನ ಇಪ್ಪತ್ತನೆಯ ವಯಸ್ಸಿನಲ್ಲಿ ಇಂಡಿಯಾಕ್ಕೆ ಬಂದು ನಿಮ್ಮ ಗುಬ್ಬಿಯಲ್ಲಿ ನೆಲೆಸಿದ ಐರ್ಲೆಂಡಿನ ತರುಣ ಯಾರು?” ಮೂರು ತಂಡಗಳೂ ಸುಮ್ಮನಾದವು. ಆತ ವೆಸ್ಲಿಯನ್ ಮಿಷನ್ನಿನ ವಿಲಿಯಂ ಆರ್ಥರ್. ಕಣ್ಣಿನ ಬೇನೆಯಿಂದ 1841ರಲ್ಲಿ ಹಿಂದಿರುಗಿದನು. ಮೈಸೂರು ಸೀಮೆಯಲ್ಲಿ ಕಂಡದ್ದನ್ನು ಬರೆದ ಆತನ ಪುಸ್ತಕ 1847ರಲ್ಲಿ ಪ್ರಕಟವಾಯಿತು. ಮಾಲ್ಟಾ ಗೊತ್ತಿದ್ದವರಿಗೆ ಗುಬ್ಬಿ ಗೊತ್ತಿಲ್ಲವಲ್ಲ ಎಂದು ನಾನು ಸ್ವಲ್ಪ ಗರ್ವದಿಂದಲೇ ಚುಚ್ಚಿದೆ.

ಆ ಗರ್ವ ಐದು ನಿಮಿಷವೂ ಉಳಿಯಬಾರದಿತ್ತು, ಉಳಿಯಿತು. ಕೊನೆಯ ಸುತ್ತಿನ ಪ್ರಶ್ನೆ: “ಸತ್ಯವೇದವನ್ನು ಪೂರ್ಣವಾಗಿ ಕನ್ನಡಕ್ಕೆ ತಂದ ಮೊದಲ ಕೆಲಸ ಯಾವ ಊರಿನಲ್ಲಿ ನಡೆಯಿತು?” ಕುಣಿಗಲ್ ತಂಡದ ಒಂಬತ್ತನೆಯ ತರಗತಿಯ ಹುಡುಗಿ ಎದ್ದು ನಿಂತು, “ಬಳ್ಳಾರಿ” ಎಂದಳು. ಗುಬ್ಬಿಯ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನನ್ನ ಚೀಟಿಯಲ್ಲಿ ‘ಮಂಗಳೂರು’ ಎಂದಿತ್ತು. ತಪ್ಪೆಂದು ತಲೆಯಾಡಿಸಿದೆ. “ಇಲ್ಲ ಸಾರ್, ಬಳ್ಳಾರಿಯೇ” ಎಂದು ಅವಳು ಮತ್ತೊಮ್ಮೆ ಹೇಳಿದಳು. “ಕುಳಿತುಕೋ ಅಮ್ಮ” ಎಂದುಬಿಟ್ಟೆ. ಎರಡು ಅಂಕ ಹೋಯಿತು. ತುಮಕೂರು ಒಂದೇ ಅಂಕದಿಂದ ಗೆದ್ದು ಬಹುಮಾನದ ನಿಘಂಟನ್ನು ಪಡೆಯಿತು.

ರಾತ್ರಿ ನಿದ್ರೆ ಹತ್ತಲಿಲ್ಲ. ಅವಳು ಎರಡನೆಯ ಸಲ ಹೇಳಿದ ರೀತಿ ಊಹಿಸಿ ಹೇಳುವವರದಾಗಿರಲಿಲ್ಲ. ಎದ್ದು ಪುಸ್ತಕಗಳನ್ನು ಕೆದಕಿದೆ. ಕಿಟ್ಟೆಲರ 1894ರ ನಿಘಂಟು, 1843ರ ‘ಮಂಗಳೂರ ಸಮಾಚಾರ’, ಬಾಸೆಲ್ ಮಿಷನ್ನಿನ ಅಚ್ಚುಕೂಟ ಇವೆಲ್ಲ ಸೇರಿ ನನ್ನ ತಲೆಯಲ್ಲಿ ಮಂಗಳೂರನ್ನು ಕೂರಿಸಿದ್ದವು. ಆದರೆ ಬಾಸೆಲಿನವರು ಮಂಗಳೂರಿಗೆ ಬಂದದ್ದೇ 1834ರಲ್ಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿಯೇ ಬಳ್ಳಾರಿಗೆ ಬಂದು ಕನ್ನಡ ಕಲಿತು, 1831ರ ವೇಳೆಗೆ ಇಡೀ ಬೈಬಲನ್ನು ಕನ್ನಡದಲ್ಲಿ ಹೊರತಂದಿದ್ದರು. ಅವರ ಜೊತೆಗಾರ ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಬಂದದ್ದು 1832ರಲ್ಲಿ. ಎಂದರೆ ಆ ನಿಘಂಟು ಬರುವ ಮೊದಲೇ ಆ ಅನುವಾದ ಮುಗಿದಿತ್ತು! ಇಸವಿಗಳನ್ನು ಬಾಯಿಪಾಠ ಮಾಡಿಸಿದ ಮೇಷ್ಟ್ರಿಗೆ ಎರಡು ಇಸವಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಬುದ್ಧಿ ಬಂದಿರಲಿಲ್ಲ.

ಮರುದಿನ ಪಾದ್ರಿಗಳಿಗೆ ತಿಳಿಸಿದೆ. “ಆದದ್ದಾಯಿತು, ಮುಂದಿನ ವರ್ಷ ತಿದ್ದೋಣ” ಎಂದರು. ನನಗೆ ಅದು ಸರಿಬೀಳಲಿಲ್ಲ. ಅಂಗಡಿಯಲ್ಲಿ ಅದೇ ನಿಘಂಟಿನ ಇನ್ನೊಂದು ಪ್ರತಿಯನ್ನು ಕೊಂಡು ಕುಣಿಗಲ್ಲಿನ ಬಸ್ಸು ಹತ್ತಿದೆ. ಹುಡುಗಿಯ ಮನೆ ಕೆರೆಯ ಕಡೆಗೆ ಹೋಗುವ ದಾರಿಯಲ್ಲಿತ್ತು. ಅವಳ ಅಜ್ಜಿಯ ತವರು ಬಳ್ಳಾರಿಯಂತೆ. ಬಾಲ್ಯದಲ್ಲಿ ಅಲ್ಲಿನ ಗುಡಿಯಲ್ಲಿ ಹಿರಿಯರು ಹೇಳುತ್ತಿದ್ದುದನ್ನು ಆಕೆ ಮೊಮ್ಮಗಳಿಗೆ ಹೇಳಿದ್ದರು.

“ತಪ್ಪು ನನ್ನದು ತಾಯಿ. ನಿನ್ನ ಉತ್ತರವೇ ಸರಿ” ಎಂದು ನಿಘಂಟನ್ನು ಮುಂದೆ ಹಿಡಿದೆ.

ಅವಳು ಕೂಡಲೇ ಕೈಚಾಚಲಿಲ್ಲ. ಅಜ್ಜಿಯ ಮುಖ ನೋಡಿ, ಆಮೇಲೆ ನನ್ನ ಕಡೆ ತಿರುಗಿ, “ಇದನ್ನು ಗುಬ್ಬಿಯವರಿಗೂ ಹೇಳ್ತೀರಾ ಸಾರ್? ಅವತ್ತು ಅವರು ನಕ್ಕರು” ಎಂದಳು.

ಹೇಳುತ್ತೇನೆಂದೆ. ಆಗ ಪುಸ್ತಕ ತೆಗೆದುಕೊಂಡಳು. ಅಜ್ಜಿ ಕಾಫಿ ತಂದುಕೊಟ್ಟರು. ಮುಂದಿನ ಭಾನುವಾರ ಬೆಳಿಗ್ಗೆ ಆ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಗುಬ್ಬಿಗೆ ಹೊರಟೆ.