ಒಂದೇ ನಾಡು, ಹಲವು ಚಳಿಗಾಲ

‘ಚಳಿಗಾಲ’ ಎಂಬ ವಿಷಯದ ಮೇಲೆ ಹತ್ತು ಸಾಲು ಬರೆಯಿರಿ ಎಂದರೆ ಬೀದರಿನಿಂದ ಮಂಗಳೂರಿನವರೆಗೆ ನಮ್ಮ ಮಕ್ಕಳು ಬರೆಯುವುದು ಒಂದೇ ಉತ್ತರ: ‘ಚಳಿಗಾಲದಲ್ಲಿ ಬಹಳ ಚಳಿ ಇರುತ್ತದೆ. ಜನರು ಉಣ್ಣೆಯ ಬಟ್ಟೆ ಧರಿಸುತ್ತಾರೆ. ಬೆಂಕಿಗೆ ಮೈ ಕಾಯಿಸಿಕೊಳ್ಳುತ್ತಾರೆ.’ ಇದನ್ನು ಬರೆಯುವಾಗ ಮಂಗಳೂರಿನ ಹುಡುಗನ ತಲೆಯ ಮೇಲೆ ಫ್ಯಾನು ತಿರುಗುತ್ತಿರುತ್ತದೆ. ಅವನ ಮನೆಯಲ್ಲಿ ಸ್ವೆಟರೇ ಇಲ್ಲದಿರಬಹುದು. ಆದರೂ ಅಂಕ ಪೂರ್ತಿ! ಪುಸ್ತಕದ ಚಳಿಗಾಲವನ್ನು ಬದಿಗಿಟ್ಟು ನಮ್ಮ ನಾಡಿನ ಮನೆಗಳ ಚಳಿಗಾಲವನ್ನು ಒಮ್ಮೆ ನೋಡಿಬರೋಣ.

ಮೊದಲು ಸೂರ್ಯನ ಮಾತು. ಜನವರಿಯ ಮೊದಲ ವಾರದಲ್ಲಿ ಭೂಮಿ ಸೂರ್ಯನಿಗೆ ಅತಿ ಸಮೀಪದಲ್ಲಿರುತ್ತದೆ. ಆಗಿನ ದೂರ ಸುಮಾರು 14.7 ಕೋಟಿ ಕಿಲೋಮೀಟರ್, ಜುಲೈನಲ್ಲಿ 15.2 ಕೋಟಿ. ಹಾಗಿದ್ದೂ ನಮಗೆ ಚಳಿಯಾಗುವುದು ಭೂಮಿಯ ಅಕ್ಷ 23.5 ಡಿಗ್ರಿಯಷ್ಟು ಓರೆಯಾಗಿರುವುದರಿಂದ. ಡಿಸೆಂಬರ್ 22ರ ಸುಮಾರಿಗೆ ಬೆಂಗಳೂರಿನಲ್ಲಿ ನಡುಹಗಲಿನ ಸೂರ್ಯ ದಿಗಂತದಿಂದ 54 ಡಿಗ್ರಿಯಷ್ಟು ಮಾತ್ರ ಮೇಲೇರುತ್ತಾನೆ. ಮಂಗಳೂರಿನಲ್ಲೂ ಅಷ್ಟೇ, ಏಕೆಂದರೆ ಎರಡೂ ಊರುಗಳು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿವೆ. ಸೂರ್ಯ ಒಂದೇ, ಚಳಿ ಮಾತ್ರ ಬೇರೆ. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣಗಳು ಮೂರು: ಸಮುದ್ರ, ಎತ್ತರ ಮತ್ತು ಗಾಳಿಯ ತೇವ.

ಕರಾವಳಿಯಿಂದ ಆರಂಭಿಸೋಣ. ನೀರಿನ ವಿಶಿಷ್ಟೋಷ್ಣ ಒಣ ಮಣ್ಣಿನದಕ್ಕಿಂತ ಸುಮಾರು ಐದು ಪಟ್ಟು ಹೆಚ್ಚು. ಆದ್ದರಿಂದ ಸಮುದ್ರ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಅದರ ಪಕ್ಕದ ಊರು ರಾತ್ರಿ ಪೂರ್ತಿ ತಣ್ಣಗಾಗುವುದೇ ಇಲ್ಲ. ಜನವರಿಯಲ್ಲಿ ಮಂಗಳೂರಿನ ಸರಾಸರಿ ಕನಿಷ್ಠ ಉಷ್ಣಾಂಶ 21 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು, ಗರಿಷ್ಠ 33ರ ಆಸುಪಾಸು. ಜುಲೈನ ಗರಿಷ್ಠವಾದರೋ ಕೇವಲ 29! ಎಂದರೆ ಕರಾವಳಿಯ ಚಳಿಗಾಲದ ಮಧ್ಯಾಹ್ನ ಮಳೆಗಾಲದ ಮಧ್ಯಾಹ್ನಕ್ಕಿಂತ ಬಿಸಿ. ಘಟ್ಟದಿಂದ ಇಳಿದು ಬರುವ ಒಣ ಮೂಡುಗಾಳಿ ಒತ್ತಡ ಹೆಚ್ಚಿದಂತೆ ತಾನೂ ಬಿಸಿಯಾಗುತ್ತದೆ. ಅದು ಬಲವಾಗಿ ಬೀಸಿದ ದಿನ ಕಡಲಗಾಳಿ ತಡವಾಗಿ ಬರುತ್ತದೆ, ಉಷ್ಣಾಂಶ 35 ಡಿಗ್ರಿ ದಾಟುವುದೂ ಉಂಟು.

ಹಾಗಾಗಿ ಕರಾವಳಿಯ ಮನೆ ಬಾಗಿಲು ಹಾಕಿ ಒಳಗೆ ಕೂರುವುದು ಚಳಿಗಾಲದಲ್ಲಲ್ಲ, ಆಟಿ ತಿಂಗಳ ಮಳೆಯಲ್ಲಿ. ಹಪ್ಪಳ, ಉಪ್ಪಿನಕಾಯಿ, ಹಲಸಿನ ಬೀಜಗಳ ಸಂಗ್ರಹ ಕರಗುವುದೂ ಆಗಲೇ. ಚಳಿಗಾಲವೆಂದರೆ ಅಲ್ಲಿ ಮನೆ ಹೊರಗೆ ಬರುವ ಕಾಲ. ಸೆಗಣಿ ಸಾರಿಸಿದ ಅಂಗಳದಲ್ಲಿ ಅಡಿಕೆ ಒಣಗುತ್ತದೆ. ಯಕ್ಷಗಾನ ಮೇಳಗಳು ನವೆಂಬರಿನಲ್ಲಿ ತಿರುಗಾಟಕ್ಕೆ ಹೊರಡುತ್ತವೆ. ಬಯಲಿನಲ್ಲಿ ಕುಳಿತು ಬೆಳಗಿನ ತನಕ ಆಟ ನೋಡಲು ತಲೆಗೊಂದು ಬೈರಾಸು ಸುತ್ತಿಕೊಂಡರೆ ಸಾಕು.

ಸೋಮೇಶ್ವರದಿಂದ ಆಗುಂಬೆ ಘಾಟಿಯ 14 ತಿರುವುಗಳನ್ನು ಹತ್ತಿದರೆ ಚಳಿಗಾಲವೇ ಬದಲಾಗುತ್ತದೆ. ಮೇಲೇರಿದಂತೆ ಪ್ರತಿ ಕಿಲೋಮೀಟರಿಗೆ ಉಷ್ಣಾಂಶ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಮಲೆನಾಡಿನಲ್ಲಿ ಇನ್ನೊಂದು ವಿಶೇಷವಿದೆ. ತಣ್ಣನೆಯ ಗಾಳಿ ಭಾರ. ಅದು ರಾತ್ರಿ ನೀರಿನಂತೆ ಇಳಿಜಾರಿನಲ್ಲಿ ಹರಿದು ಕಣಿವೆ ಸೇರುತ್ತದೆ. ಆದ್ದರಿಂದಲೇ ಬೆಳಿಗ್ಗೆ ಗುಡ್ಡದ ನೆತ್ತಿ ಬಿಸಿಲಿಗೆ ಹೊಳೆಯುತ್ತಿದ್ದರೂ ಕೆಳಗಿನ ತೋಟ, ಮನೆಗಳು ಮಂಜಿನಲ್ಲಿ ಮುಳುಗಿರುತ್ತವೆ. ಇಲ್ಲಿ ಮನೆಮಂದಿಯ ನೆಚ್ಚಿನ ಜಾಗ ಬಚ್ಚಲೊಲೆಯ ಮುಂಭಾಗ. ಹಂಡೆ ಕಾಯುವಷ್ಟು ಹೊತ್ತು ಮಕ್ಕಳ ಓದು, ಜಗಳ ಎರಡೂ ಅಲ್ಲಿಯೇ. ಅಡಿಕೆ ಕೊಯ್ಲಿನ ದಿನಗಳಲ್ಲಿ ಜಗಲಿಯಲ್ಲಿ ಸಾಲಾಗಿ ಕುಳಿತು ರಾತ್ರಿಯವರೆಗೆ ಅಡಿಕೆ ಸುಲಿಯುತ್ತಾರೆ. ಕರಾವಳಿಯಲ್ಲಿ ಹಣ್ಣಡಿಕೆಯನ್ನು ಸಿಪ್ಪೆಸಮೇತ ಬಿಸಿಲಿಗೆ ಹರವಿ ಚಾಲಿ ಮಾಡಿದರೆ, ಶಿವಮೊಗ್ಗದ ಕಡೆ ಹಸಿ ಅಡಿಕೆಯನ್ನು ಸುಲಿದು ಬೇಯಿಸಿ ಕೆಂಪಡಿಕೆ ಮಾಡುತ್ತಾರೆ. ಬೆಳೆ ಒಂದೇ, ಮನೆಯ ಕೆಲಸ ಎರಡು ಬಗೆ.

ಪೂರ್ವಕ್ಕೆ ಬಂದರೆ ಬೆಂಗಳೂರು, ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಎತ್ತರ ಒಂದರಿಂದಲೇ ಸುಮಾರು ಆರು ಡಿಗ್ರಿ ಕಡಿಮೆಯಾಯಿತು ಎಂಬ ಲೆಕ್ಕ ಮಕ್ಕಳೇ ಮಾಡಬಹುದು. 1884ರ ಜನವರಿ 13ರಂದು ಇಲ್ಲಿ 7.8 ಡಿಗ್ರಿ ದಾಖಲಾಗಿತ್ತು. ಹಳೇ ಮೈಸೂರು ಸೀಮೆಯ ಅಡುಗೆಮನೆಗೆ ಚಳಿಗಾಲ ಬಂದದ್ದು ಸೊಗಡಿನ ಅವರೆಕಾಯಿಯ ವಾಸನೆಯಿಂದಲೇ ತಿಳಿಯುತ್ತದೆ. ಸಂಜೆ ಮನೆಮಂದಿಯೆಲ್ಲ ಕುಳಿತು ಹಿತಕಿದ ಬೇಳೆ ಸಿದ್ಧಮಾಡುವುದು ಇಲ್ಲಿನ ಕೆಲಸ.

ಇನ್ನು ವಿಜಯಪುರ, ಕಲಬುರಗಿ, ಬೀದರ್. ಸಮುದ್ರ ದೂರ, ಆಕಾಶ ಶುಭ್ರ, ಗಾಳಿ ಒಣ. ಗಾಳಿಯಲ್ಲಿನ ನೀರಾವಿ ನೆಲದಿಂದ ಹೊರಡುವ ಶಾಖವನ್ನು ಹಿಡಿದಿಡುವ ಹೊದಿಕೆಯಂತೆ. ಇಲ್ಲಿ ಆ ಹೊದಿಕೆ ತೆಳು. ಹಗಲು 30 ಡಿಗ್ರಿಯ ಬಿಸಿಲಿದ್ದರೂ ರಾತ್ರಿ ಶಾಖವೆಲ್ಲ ಆಕಾಶಕ್ಕೆ ಸೋರಿಹೋಗಿ, ಕೆಲವು ಬೆಳಗು ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ತುಟಿ, ಹಿಮ್ಮಡಿ ಒಡೆಯುವುದು ಒಣಗಾಳಿಗೆ. ಇದಕ್ಕೆ ಹಿರಿಯರ ಉತ್ತರ ದಪ್ಪ ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ. ಹಗಲಿನ ಶಾಖವನ್ನು ಹೀರಿಕೊಂಡ ಗೋಡೆ ರಾತ್ರಿ ಅದನ್ನು ಮೆಲ್ಲನೆ ಒಳಗೆ ಬಿಡುತ್ತದೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿಯಲ್ಲಿ, ಪದರಗಳ ನಡುವೆ ಸಿಕ್ಕಿದ ಗಾಳಿಯೇ ಶಾಖವನ್ನು ತಡೆಯುತ್ತದೆ. ಭೋಗಿಯ ದಿನ ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಜೊತೆಗೆ ಶೇಂಗಾ ಹಿಂಡಿ. ಎಳ್ಳಿನ ತೂಕದಲ್ಲಿ ಸುಮಾರು ಅರ್ಧ ಎಣ್ಣೆಯೇ. ಒಂದು ಗ್ರಾಂ ಪಿಷ್ಟ 4 ಕಿಲೋಕ್ಯಾಲರಿ ಕೊಟ್ಟರೆ ಒಂದು ಗ್ರಾಂ ಎಣ್ಣೆ 9 ಕೊಡುತ್ತದೆ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ ಚರಗ ಚೆಲ್ಲಿ, ಬಿಳಿಜೋಳದ ಬೆಳೆಯ ನಡುವೆ ಕುಳಿತು ಉಣ್ಣುವ ಸಂಭ್ರಮವೂ ಇಲ್ಲಿಯದೇ.

ಇದನ್ನೆಲ್ಲ ತಿಳಿಯುವುದರಿಂದ ಪ್ರಯೋಜನವೇನು? ಇಂದು ಮನೆಗಳು ಬದಲಾಗುತ್ತಿವೆ, ಮಕ್ಕಳೂ ಊರು ಬದಲಿಸುತ್ತಿದ್ದಾರೆ. ಹೆಂಚಿನ ಸಂದುಗಳಿಂದ ಹೊಗೆ ತಾನಾಗಿ ಹೊರಹೋಗುತ್ತಿದ್ದ ಮನೆಯಲ್ಲಿ ಕೆಂಡದ ಬಟ್ಟಲು ಇಟ್ಟುಕೊಂಡದ್ದು ಬೇರೆ. ಕಾಂಕ್ರೀಟ್ ಮನೆಯಲ್ಲಿ ಗಾಜಿನ ಕಿಟಕಿ ಮುಚ್ಚಿ ಅದನ್ನೇ ಇಟ್ಟು ಮಲಗುವುದು ಬೇರೆ. ಇದ್ದಿಲು ಅರೆಬರೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ. ಮಲಗಿದವರು ಏಳುವುದೇ ಇಲ್ಲ. ಗಾಳಿಯಾಡದ ಸ್ನಾನದ ಮನೆಯ ಗ್ಯಾಸ್ ಗೀಸರಿಗೂ ಈ ಮಾತು ಅನ್ವಯ. ರೂಢಿಯನ್ನು ಹೊಸ ಮನೆಗೆ ಒಯ್ಯುವಾಗ ಅದರ ಹಿಂದಿನ ಕಾರಣವನ್ನೂ ಒಯ್ಯಬೇಕು.

ಹಾಸ್ಟೆಲಿಗೆ ಹೊರಟ ಮಕ್ಕಳ ತಂದೆತಾಯಂದಿರಿಗೂ ಇದೇ ಮಾತು. ಬೀದರಿನಿಂದ ದಕ್ಷಿಣ ಕನ್ನಡಕ್ಕೆ ಹೋಗುವ ಮಗುವಿಗೆ ದಪ್ಪ ರಗ್ಗಿಗಿಂತ ಬೆವರು ಹೀರುವ ಹತ್ತಿಯ ಬಟ್ಟೆ ಮುಖ್ಯ. ಉಡುಪಿಯಿಂದ ಬೀದರಿಗೆ ಹೋಗುವವನಿಗೆ ಸ್ವೆಟರಿನ ಜೊತೆ ಒಂದು ಬಾಟಲಿ ಕೊಬ್ಬರಿ ಎಣ್ಣೆಯೂ ಬೇಕು.

ವಿದ್ಯಾರ್ಥಿಗಳಿಗೆ ಈ ಜನವರಿಗೊಂದು ಕೆಲಸ. ನೆರಳಿನಲ್ಲಿ ಒಂದು ಥರ್ಮಾಮೀಟರ್ ತೂಗುಹಾಕಿ, ಒಂದು ವಾರ ಬೆಳಿಗ್ಗೆ 6 ಗಂಟೆಗೂ ಮಧ್ಯಾಹ್ನ 2 ಗಂಟೆಗೂ ಉಷ್ಣಾಂಶ ಬರೆದಿಡಿ. ಬೇರೆ ಜಿಲ್ಲೆಯಲ್ಲಿರುವ ಚಿಕ್ಕಪ್ಪನ ಅಥವಾ ಸೋದರಮಾವನ ಮಕ್ಕಳಿಗೂ ಹಾಗೆಯೇ ಮಾಡಲು ಹೇಳಿ. ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು, ಆ ವಾರ ಅಜ್ಜಿ ಏನು ಅಡುಗೆ ಮಾಡಿದರು, ಏನು ಹೊದ್ದರು ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ಮುಂದಿನ ಸಲ ಹತ್ತು ಸಾಲು ಬರೆಯಲು ಯಾವ ಪುಸ್ತಕವೂ ಬೇಕಾಗದು.