ಹಾಲಿನ ಲೆಕ್ಕದ ಹಿಂದಿನ ಪುಟ

ನಮ್ಮ ಮನೆಯಲ್ಲಿ ಒಂದು ಹಳೆಯ ಲೆಕ್ಕದ ಪುಸ್ತಕವಿದೆ. ಮುಂದಿನ ಪುಟಗಳಲ್ಲಿ ಹಾಲಿನವನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ತಾರೀಕು, ಮಕ್ಕಳ ಶಾಲೆಯ ಫೀಸು. ಪುಸ್ತಕವನ್ನು ತಿರುವಿ ಹಿಂದಿನಿಂದ ತೆರೆದರೆ ಆನೆ, ಕಡವೆ, ಮುಂಗುಸಿ, ಹೆಗ್ಗಣ! ಒಂದು ವರ್ಷಕ್ಕೆ ಒಂದು ಪುಟ. ಜನವರಿ ಒಂದರಿಂದ ಡಿಸೆಂಬರ್ 31ರವರೆಗೆ ನಮ್ಮ ಮನೆಯವರು ಕಣ್ಣಾರೆ ಕಂಡ ಕಾಡುಪ್ರಾಣಿಗಳ ಪಟ್ಟಿ ಅದು.

ಇದು ಶುರುವಾದದ್ದು 2010ರಲ್ಲಿ. ಆಗ ಮಗಳು ನಾಲ್ಕನೇ ತರಗತಿಯಲ್ಲಿದ್ದಳು. ‘ನೀನು ನೋಡಿದ ಕಾಡುಪ್ರಾಣಿಗಳ ಹೆಸರು ಬರೆದುಕೊಂಡು ಬಾ’ ಎಂದು ಶಾಲೆಯಲ್ಲಿ ಹೇಳಿದ್ದರು. ನಾವಿರುವುದು ಮೈಸೂರಿನಲ್ಲಿ, 1892ರಲ್ಲಿ ಆರಂಭವಾದ ಮೃಗಾಲಯದಿಂದ ಹೆಚ್ಚು ದೂರವಲ್ಲ. ಗಾಳಿ ನಮ್ಮ ಕಡೆ ಬೀಸಿದರೆ ನಸುಕಿನಲ್ಲಿ ಸಿಂಹದ ಗರ್ಜನೆ ಕೇಳುವುದುಂಟು. ಮಗಳು ಸಿಂಹ, ಜಿರಾಫೆ, ಘೇಂಡಾಮೃಗ ಎಂದು ಎರಡು ಪುಟ ತುಂಬಿಸಿಕೊಂಡು ಹೋದಳು. ಟೀಚರ್ ಎಲ್ಲದಕ್ಕೂ ಅಡ್ಡಗೆರೆ ಎಳೆದು, ‘ಬೋನಿನಲ್ಲಿ ಇರುವುದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ’ ಎಂದು ಬರೆದು ಕಳುಹಿಸಿದರು. ಅವಳು ಅಳುತ್ತಾ ಬಂದಳು. “ಅಮ್ಮಿ, ಹಾಗಾದರೆ ನಾನು ಏನೂ ನೋಡಿಯೇ ಇಲ್ಲ” ಎಂದಳು.

ಆಗ ಜಗುಲಿಯಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದ ನಮ್ಮತ್ತೆ ತಲೆ ಎತ್ತಿದರು. “ಸೀಬೆ ಮರದ ಮೇಲೆ ಓಡುತ್ತಿದೆಯಲ್ಲ ಆ ಅಳಿಲು, ಅದನ್ನು ಯಾರು ಸಾಕಿದ್ದಾರೆ ಬೇಟಿ? ಬರೆ ಅದನ್ನು” ಎಂದರು.

ನಾವೆಲ್ಲ ನಕ್ಕೆವು. ಆದರೆ ಯೋಚಿಸಿದರೆ ಅವರ ಮಾತು ಸರಿಯಾಗಿತ್ತು. ಮಗಳು ಅಂದೇ ಸಂಜೆ ಹಾಲಿನ ಲೆಕ್ಕದ ಪುಸ್ತಕವನ್ನು ತಿರುವಿ ಬರೆಯಲು ಕುಳಿತಳು. ಅಳಿಲು, ಚರಂಡಿಯ ಹೆಗ್ಗಣ, ಅಡುಗೆಮನೆಯ ಇಲಿ, ಗೋಡೆಯ ಅಂಚಿನಲ್ಲಿ ಕಿಚಕಿಚ ಎನ್ನುತ್ತಾ ಸಾಗುವ ಸೊಂಡಿಲಿ, ಚಾಮುಂಡಿ ಬೆಟ್ಟದ ಕೋತಿ, ಸಂಜೆ ಹಾರುವ ಸಣ್ಣ ಬಾವಲಿ, ದೊಡ್ಡ ಮರಗಳಲ್ಲಿ ತಲೆಕೆಳಗಾಗಿ ತೂಗುವ ದೊಡ್ಡ ಬಾವಲಿ. ಆ ವರ್ಷದ ಮೊತ್ತ ಏಳು! ಮನೆಯಲ್ಲಿ ಇಷ್ಟು ವರ್ಷ ಪೊರಕೆ ಹಿಡಿದು ಓಡಿಸಿದ ಇಲಿಗೆ ಅಂದು ಪಟ್ಟಿಯಲ್ಲಿ ಮೂರನೇ ಸ್ಥಾನ ಸಿಕ್ಕಿತು.

ನಮ್ಮ ನಿಯಮಗಳು

ಆಟ ಬೆಳೆಯುತ್ತಿದ್ದಂತೆ ಜಗಳಗಳೂ ಬೆಳೆದವು. ಆದ್ದರಿಂದ ನಿಯಮ ಮಾಡಬೇಕಾಯಿತು. ಮರಿಗೆ ಹಾಲುಣಿಸುವ ಪ್ರಾಣಿಗಳು ಮಾತ್ರ; ಹಕ್ಕಿ, ಹಾವು, ಮೊಸಳೆಗಳನ್ನೂ ಸೇರಿಸಿದರೆ ಪುಸ್ತಕ ಸಾಲದು. ಸಾಕಿದ್ದು, ಬೋನಿನಲ್ಲಿರುವುದು ಬೇಡ. ಒಂದು ಜಾತಿಯನ್ನು ವರ್ಷಕ್ಕೆ ಒಮ್ಮೆ ಮಾತ್ರ ಬರೆಯಬೇಕು. ನೂರು ಜಿಂಕೆ ಕಂಡರೂ ಜಿಂಕೆ ಒಂದೇ. ಪ್ರಾಣಿ ಜೀವಂತವಾಗಿರಬೇಕು. ಕೊನೆಯದು ಅತ್ತೆ ಹಾಕಿದ ನಿಯಮ: ಕಣ್ಣಾರೆ ಕಂಡವರು ಮಾತ್ರ ತಮ್ಮ ಹೆಸರು ಬರೆಸಬೇಕು. ಅನುಮಾನವಿದ್ದರೆ ಪ್ರಶ್ನೆ ಚಿಹ್ನೆ ಹಾಕಿ ಬಿಡಬೇಕು, ಮೊತ್ತಕ್ಕೆ ಸೇರಿಸಬಾರದು.

‘ಜೀವಂತವಾಗಿರಬೇಕು’ ಎಂಬ ನಿಯಮ ಬಂದದ್ದು ಊಟಿ ರಸ್ತೆಯಲ್ಲಿ. ನಂಜನಗೂಡು ದಾಟಿ ಗುಂಡ್ಲುಪೇಟೆಯ ಕಡೆ ಹೋಗುವಾಗ ಡಾಂಬರಿಗೆ ಅಂಟಿಕೊಂಡಂತೆ ಒಂದು ಪುನುಗು ಬೆಕ್ಕು ಬಿದ್ದಿತ್ತು. ಮಗ “ಹೊಸದು! ಬರೆ ಬರೆ” ಎಂದು ಕೂಗಿದ. ಮಗಳು ಬರೆಯಲಿಲ್ಲ. “ಅದು ಇನ್ನು ಎಣಿಕೆಗೆ ಸಿಗುವ ಪ್ರಾಣಿಯಲ್ಲ, ಎಣಿಕೆಯಿಂದ ಕಳೆದ ಪ್ರಾಣಿ” ಎಂದಳು. ಅತ್ತೆ ಹೇಳಿದಂತೆ ಅಂಥವುಗಳಿಗಾಗಿ ಬೇರೆಯೇ ಒಂದು ಪುಟ ಇಟ್ಟೆವು. ಪುನುಗು ಬೆಕ್ಕು, ಮೊಲ, ಕೋತಿ, ಅಳಿಲು... ಅದೂ ತುಂಬುತ್ತಲೇ ಇದೆ. ಬಂಡೀಪುರದ ಕಾಡಿನೊಳಗಿನ ಹೆದ್ದಾರಿಗಳಲ್ಲಿ 2009ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧಿಸಿದಾಗ ನಾನೂ ‘ಇದೇನು ಕಿರಿಕಿರಿ’ ಎಂದು ಗೊಣಗಿದ್ದೆ. ಆ ಪುಟ ಶುರುವಾದ ಮೇಲೆ ಗೊಣಗುವುದನ್ನು ಬಿಟ್ಟೆ.

ಬಂಡೀಪುರದ ಬಸ್ಸಿನಲ್ಲಿ

ಪಟ್ಟಿ ಉದ್ದವಾಗಬೇಕಾದರೆ ಕಾಡಿಗೆ ಹೋಗಬೇಕು. ಮೈಸೂರಿನಿಂದ ಬಂಡೀಪುರ ಸುಮಾರು 80 ಕಿಲೋಮೀಟರ್. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗಲೇ ಅದಕ್ಕೆ ಸೇರಿದ ಕಾಡು ಅದು. ವರ್ಷಕ್ಕೊಮ್ಮೆ ಬೆಳಗಿನ ಸಫಾರಿಗೆ ಹೋಗುವುದು ನಮ್ಮ ಮನೆಯ ರೂಢಿಯಾಯಿತು. ಫಜ್ರ್ ನಮಾಝ್ ಮುಗಿಸಿ ಹೊರಟು, ಡಬ್ಬಿಯಲ್ಲಿ ಚಪಾತಿ, ಖೀಮಾ ಕಟ್ಟಿಕೊಂಡು, ಅತ್ತೆಯನ್ನು ಕಿಟಕಿ ಬದಿಗೆ ಕೂರಿಸಿಕೊಂಡು.

2018 ನಮ್ಮ ಪಾಲಿಗೆ ದೊಡ್ಡ ವರ್ಷ. ಬಂಡೀಪುರದಲ್ಲಿ ಒಂದೇ ಬೆಳಿಗ್ಗೆ ಜಿಂಕೆ, ಕಡವೆ, ಕಾಟಿ, ಮರಿಯೊಂದಿಗೆ ಆನೆ, ಮುಸುವ, ಕಾಡುಹಂದಿ, ಒಣಗಿದ ಕೆರೆಯ ಅಂಚಿನಲ್ಲಿ ಕೆನ್ನಾಯಿಗಳ ಗುಂಪು, ತೇಗದ ಮರದಿಂದ ಮರಕ್ಕೆ ನೆಗೆಯುವ ಕೇಶಳಿಲು, ನಾಚಿಕೊಂಡು ಪೊದೆಗೆ ಸರಿದ ಕಾಡುಕುರಿ, ಮೊಲ, ಕುತ್ತಿಗೆಯಲ್ಲಿ ಕಪ್ಪು ಪಟ್ಟೆಯಿರುವ ಮುಂಗುಸಿ. ಒಟ್ಟು ಹನ್ನೊಂದು! ಮನೆಯ ಸುತ್ತಲಿನ ಏಳು, ನಡುವೆ ಸೇರಿಕೊಂಡ ಊರ ಮುಂಗುಸಿ ಸೇರಿ ಹತ್ತೊಂಬತ್ತು. ಅಷ್ಟು ಹಿಂದೆಂದೂ ಆಗಿರಲಿಲ್ಲ.

ಆ ಬಸ್ಸಿನಲ್ಲಿ ನಡೆದದ್ದೊಂದು ನೆನಪಿದೆ. ಅತ್ತೆಗೆ ಆ ಹೊತ್ತಿಗೆ ಎರಡೂ ಕಣ್ಣುಗಳಲ್ಲಿ ಪೊರೆ ಬೆಳೆದಿತ್ತು. ಆಪರೇಷನ್ ಎಂದರೆ ‘ಮುಂದಿನ ತಿಂಗಳು ನೋಡೋಣ’ ಎಂದು ತಳ್ಳುತ್ತಿದ್ದರು. ಬಸ್ಸಿನಲ್ಲಿ ಎಲ್ಲರೂ ಕೇಶಳಿಲನ್ನು ತೋರಿಸಿ ಉದ್ಗರಿಸುತ್ತಿದ್ದಾಗ ಅವರು ಸುಮ್ಮನೆ ಆ ದಿಕ್ಕಿಗೆ ಮುಖ ಮಾಡಿ ಕುಳಿತಿದ್ದರು. ಸ್ವಲ್ಪ ಮುಂದೆ ಹೋದಾಗ ಒಮ್ಮೆಲೇ “ಶ್!” ಎಂದರು. ದೂರದಲ್ಲಿ ಮುಸುವ ಕೆಮ್ಮಿದಂತೆ ಕೂಗುತ್ತಿತ್ತು, ಅದರ ಹಿಂದೆಯೇ ಜಿಂಕೆಯ ಎಚ್ಚರಿಕೆಯ ಕೂಗು. “ಏನೋ ದೊಡ್ಡದು ನಡೆಯುತ್ತಿದೆ” ಎಂದರು ಅತ್ತೆ. ಡ್ರೈವರ್ ಬಸ್ ನಿಲ್ಲಿಸಿದ. ಹತ್ತು ನಿಮಿಷ ಕಾದರೂ ಹುಲಿಯಾಗಲಿ ಚಿರತೆಯಾಗಲಿ ಹೊರಗೆ ಬರಲಿಲ್ಲ.

ಮನೆಗೆ ಬಂದು ಪಟ್ಟಿ ಬರೆಯುವಾಗ ಮಗಳು ಹನ್ನೊಂದಕ್ಕೂ ದಾದಿಯ ಹೆಸರು ಸೇರಿಸಲು ಹೊರಟಳು. ಅತ್ತೆ ತಡೆದರು. “ಆನೆ, ಕಾಟಿಗೆ ಬರೆ. ಅವು ಕಂಡವು. ಉಳಿದದ್ದಕ್ಕೆ ನನ್ನ ಹೆಸರು ಬೇಡ. ಕಿವಿಗೆ ಬಂತು, ಕಣ್ಣಿಗೆ ಬರಲಿಲ್ಲ.”

ಇಪ್ಪತ್ತನೆಯದು

ಡಿಸೆಂಬರ್ ಕೊನೆಯ ವಾರ. ಮಗಳು ಎರಡನೇ ಪಿಯುಸಿ. ಪರೀಕ್ಷೆ ಮುಗಿದರೆ ಓದಿಗಾಗಿ ಬೆಂಗಳೂರಿಗೆ ಹೋಗುವವಳಿದ್ದಳು. “ಅಮ್ಮಿ, ನಾನು ಹೋಗುವ ಮೊದಲು ಒಮ್ಮೆ ಇಪ್ಪತ್ತು ಆಗಲಿ” ಎಂದು ಹಠ ಹಿಡಿದಳು. ಸುಲಭವಾಗಿ ಸಿಗಬಹುದಾದ ಹೊಸ ಪ್ರಾಣಿ ಯಾವುದು? ನೀರುನಾಯಿ! ರಂಗನತಿಟ್ಟಿಗೆ ಹೊರಟೆವು.

ರಂಗನತಿಟ್ಟು ಶ್ರೀರಂಗಪಟ್ಟಣದ ಪಕ್ಕದಲ್ಲೇ ಇದೆ. 17ನೇ ಶತಮಾನದಲ್ಲಿ ಮೈಸೂರು ಅರಸರು ಕಾವೇರಿಗೆ ಕಟ್ಟೆ ಕಟ್ಟಿದಾಗ ನೀರು ನಿಂತು ಆದ ನಡುಗಡ್ಡೆಗಳು ಅವು. 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದಿದ್ದ ಡಾ. ಸಲೀಂ ಅಲಿ ಈ ಜಾಗದ ಮಹತ್ವವನ್ನು ಅರಿತು ಅರಸರಿಗೆ ತಿಳಿಸಿದರು; 1940ರಲ್ಲಿ ಇದು ಪಕ್ಷಿಧಾಮವಾಯಿತು. ಜನ ಬರುವುದು ಕೊಕ್ಕರೆ ನೋಡಲು. ನಾವು ಮಾತ್ರ ಹಕ್ಕಿಗಳನ್ನು ಬಿಟ್ಟು ಬಂಡೆಗಳ ಸಂದನ್ನು ದಿಟ್ಟಿಸುತ್ತಾ ದೋಣಿಯಲ್ಲಿ ಕುಳಿತಿದ್ದೆವು. ಮೊಸಳೆಗಳು ಬಿಸಿಲಿಗೆ ಬಾಯಿ ತೆರೆದು ಮಲಗಿದ್ದವು. ಮರಗಳಲ್ಲಿ ಬಾವಲಿಗಳು ರೆಕ್ಕೆಯಿಂದ ಗಾಳಿ ಬೀಸಿಕೊಳ್ಳುತ್ತಿದ್ದವು.

ದೋಣಿ ತಿರುಗುವಾಗ ನಾನಿದ್ದ ಬದಿಯಲ್ಲಿ ನೀರು ಕಲಕಿತು. ಏನೋ ಕಪ್ಪಗಿನದು ಮೇಲೆ ಬಂದು ಮುಳುಗಿತು. ಅಂಬಿಗ, “ನೀರುನಾಯಿ ಇರಬಹುದು ಮೇಡಂ” ಎಂದ. ಮಗಳು ತಿರುಗುವಷ್ಟರಲ್ಲಿ ಬರೀ ಅಲೆ. “ಅಮ್ಮಿ, ನೀವು ಕಂಡಿರಾ?” ಎಂದು ಕೇಳಿದಳು. ಅವಳ ಕಣ್ಣುಗಳಲ್ಲಿದ್ದ ಆಸೆಯನ್ನು ನೋಡಿ ನಾನು, “ಹ್ಞೂಂ, ಕಂಡೆ. ನೀರುನಾಯಿಯೇ” ಎಂದುಬಿಟ್ಟೆ.

ಇಪ್ಪತ್ತು! ದಾರಿಯಲ್ಲಿ ನಮ್ಮ ಮನೆಯವರು ಎಲ್ಲರಿಗೂ ಕಬ್ಬಿನ ಹಾಲು ಕುಡಿಸಿದರು. ಮನೆಯಲ್ಲಿ ಮಗಳು ಕೆಂಪು ಪೆನ್ನಿನಿಂದ ದೊಡ್ಡದಾಗಿ 20 ಎಂದು ಬರೆದಳು. ರಾತ್ರಿ ಅತ್ತೆಗೆ ಕಣ್ಣಿನ ಹನಿ ಹಾಕುತ್ತಿದ್ದೆ. ಅವರು ಕಣ್ಣು ಮುಚ್ಚಿಕೊಂಡೇ ಕೇಳಿದರು: “ಬಹೂ, ಅದು ನೀನು ಕಂಡದ್ದಾ, ಅಂಬಿಗ ಹೇಳಿದ್ದಾ?”

ನಾನು ಉತ್ತರಿಸಲಿಲ್ಲ. ಅವರೂ ಮತ್ತೆ ಕೇಳಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಒಂದು ಹಾಲಿನ ಲೆಕ್ಕದ ಪುಸ್ತಕ. ಅದನ್ನು ಯಾರು ಪರೀಕ್ಷಿಸುತ್ತಾರೆ? ಒಂದು ಹೆಚ್ಚು ಬರೆದರೆ ಯಾರಿಗೆ ನಷ್ಟ? ಹೀಗೆ ಎಷ್ಟೇ ಸಮಾಧಾನ ಮಾಡಿಕೊಂಡರೂ, ಕಣ್ಣು ಕಾಣದ ಮುದುಕಿಯೊಬ್ಬರು ‘ನನ್ನ ಹೆಸರು ಬೇಡ’ ಎಂದು ಒಂಬತ್ತು ಪ್ರಾಣಿಗಳನ್ನು ಬಿಟ್ಟುಕೊಟ್ಟದ್ದು ನೆನಪಾಗುತ್ತಿತ್ತು. ಬೆಳಿಗ್ಗೆ ಚಹಾ ಮಾಡುವಾಗ ಮಗಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ ಪುಸ್ತಕ ತಂದು 20ರ ಮೇಲೆ ಗೆರೆ ಎಳೆದು 19 ಎಂದು ಬರೆದಳು. ನೀರುನಾಯಿಯ ಮುಂದೆ ಒಂದು ಪ್ರಶ್ನೆ ಚಿಹ್ನೆ. ಆ ತಿದ್ದುಪಡಿ ಈಗಲೂ ಪುಸ್ತಕದಲ್ಲಿದೆ. ಮಗಳ ಮುಖ ಸಪ್ಪಗಾದದ್ದೂ ನನಗೆ ಇನ್ನೂ ಕಾಣುತ್ತದೆ.

ದೊಡ್ಡ ಲೆಕ್ಕಗಳು

ಇಂಥ ತಪ್ಪು ದೊಡ್ಡವರ ಲೆಕ್ಕದಲ್ಲೂ ಆಗಿದೆ ಎಂದು ತಿಳಿದದ್ದು ಆಮೇಲೆ. ರಾಜಸ್ಥಾನದ ಸರಿಸ್ಕಾ ಕಾಡಿನಲ್ಲಿ ಹುಲಿಗಳಿವೆ ಎಂದು ಸರಕಾರಿ ಕಾಗದಗಳು ಹೇಳುತ್ತಿದ್ದವು. 2005ರಲ್ಲಿ ಹುಡುಕಿ ನೋಡಿದಾಗ ಒಂದೂ ಉಳಿದಿರಲಿಲ್ಲ, ಕಳ್ಳಬೇಟೆಗಾರರು ಕೊಂದಿದ್ದರು. ಆಗ ಹುಲಿಗಳನ್ನು ಎಣಿಸುತ್ತಿದ್ದದ್ದು ಹೆಜ್ಜೆಗುರುತು ನೋಡಿ. ಕಾಗದದ ಮೇಲೆ ಹುಲಿ ಇದ್ದುದರಿಂದ ಕಾಡಿನ ಹುಲಿಗಳು ಮುಗಿಯುತ್ತಿರುವುದು ಯಾರಿಗೂ ಹೊತ್ತಿಗೆ ಸರಿಯಾಗಿ ಗೊತ್ತಾಗಲಿಲ್ಲ. 2006ರಿಂದ ದೇಶಾದ್ಯಂತ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಎಣಿಕೆಯಲ್ಲಿ ಕಾಡಿನ ದಾರಿಗಳಲ್ಲಿ ಕ್ಯಾಮರಾ ಇಟ್ಟು, ಪ್ರತಿ ಹುಲಿಯ ಪಟ್ಟೆಗಳನ್ನು ಹೋಲಿಸಿ ಲೆಕ್ಕ ಹಾಕುತ್ತಾರೆ. ಮನುಷ್ಯರ ಬೆರಳಚ್ಚಿನಂತೆ ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೆ ಇರುವುದಿಲ್ಲವಂತೆ. ಈ ವಿಧಾನವನ್ನು ನಮ್ಮ ನಾಗರಹೊಳೆಯಲ್ಲಿ ಮೊದಲು ಬಳಸಿ ತೋರಿಸಿದವರು ಡಾ. ಉಲ್ಲಾಸ ಕಾರಂತರು. 2022ರ ಲೆಕ್ಕದಂತೆ ಕರ್ನಾಟಕದಲ್ಲಿ 563 ಹುಲಿಗಳಿವೆ. ಅವುಗಳಲ್ಲಿ ಒಂದೂ ಇದುವರೆಗೆ ನಮ್ಮ ಪುಸ್ತಕಕ್ಕೆ ಬಂದಿಲ್ಲ!

ಹೀಗೆ ಬರೆದಿಡುವುದು ವಿಜ್ಞಾನಿಗಳ ಕೆಲಸ, ನಮಗೇಕೆ ಎನ್ನಬೇಡಿ. ರಾಂಚಿಯ ಜಮಾಲ್ ಆರಾ ಎಂಬ ಮಹಿಳೆಯ ಶಾಲೆಯ ಓದು ಹತ್ತನೇ ತರಗತಿಗೇ ನಿಂತಿತ್ತು. ಅವರು ಛೋಟಾ ನಾಗಪುರದ ಕಾಡುಗಳಲ್ಲಿ ಕಂಡ ಹಕ್ಕಿಗಳನ್ನು ವರ್ಷಗಟ್ಟಲೆ ಬರೆದಿಟ್ಟು ಲೇಖನಗಳನ್ನು ಪ್ರಕಟಿಸಿದರು. ಮಕ್ಕಳಿಗಾಗಿ ಅವರು ಬರೆದ ಪಕ್ಷಿವೀಕ್ಷಣೆಯ ಪುಸ್ತಕವನ್ನು ನ್ಯಾಷನಲ್ ಬುಕ್ ಟ್ರಸ್ಟ್ 1970ರಲ್ಲಿ ಹೊರತಂದಿತು.

ಬಂಡೆಯ ಮೇಲಿನ ಬೆಲ್ಲ

2019ರ ಫೆಬ್ರವರಿಯಲ್ಲಿ ಅತ್ತೆ ಕೊನೆಗೂ ಕಣ್ಣಿನ ಆಪರೇಷನ್‌ಗೆ ಒಪ್ಪಿದರು. ಮೊದಲು ಒಂದು ಕಣ್ಣು, ಎರಡು ತಿಂಗಳ ನಂತರ ಇನ್ನೊಂದು. ನವೆಂಬರ್‌ನಲ್ಲಿ ಮಗಳು ರಜೆಗೆ ಬಂದಾಗ ಎಲ್ಲರೂ ಹಂಪಿಗೆ ಹೋದೆವು. ಅಲ್ಲಿಂದ ದರೋಜಿ ಹತ್ತಿರ. ಬಂಡೆಗಳ ನಡುವಿನ ಕುರುಚಲು ಕಾಡಾಗಿರುವ ಆ ಕರಡಿಧಾಮ ಆರಂಭವಾದದ್ದು 1994ರಲ್ಲಿ. ಅಲ್ಲಿ ಅರಣ್ಯ ಇಲಾಖೆಯವರು ಮಧ್ಯಾಹ್ನ ಬಂಡೆಗಳ ಮೇಲೆ ಬೆಲ್ಲದ ಪಾಕ ಬಳಿಯುತ್ತಾರೆ. ನಾವು ದೂರದ ವೀಕ್ಷಣಾ ಗೋಪುರದಲ್ಲಿ ಸದ್ದಿಲ್ಲದೆ ಕೂರಬೇಕು.

ನವಿಲುಗಳು ಬಂದವು. ಒಂದು ಕಾಡುಹಂದಿ ಬಂತು. ಬಿಸಿಲು ಇಳಿಯಿತು. ಮಗ ಆಕಳಿಸತೊಡಗಿದ. “ಅಲ್ಲಿ ನೋಡು” ಎಂದು ಪಿಸುಗುಟ್ಟಿದವರು ಅತ್ತೆ. “ಎರಡು ಬಂಡೆಯ ನಡುವೆ. ಬೆನ್ನ ಮೇಲೆ ಮರಿ ಇದೆ.” ನಮಗೆ ಯಾರಿಗೂ ಕಾಣಲಿಲ್ಲ. ಕಪ್ಪು ಬಂಡೆಯ ನೆರಳೇ ಸರಿದಂತೆ ತಾಯಿ ಕರಡಿ ಹೊರಗೆ ಬಂದಾಗಲೇ ಗೊತ್ತಾದದ್ದು. ಬೆನ್ನಿನ ಉದ್ದ ಕೂದಲನ್ನು ಹಿಡಿದುಕೊಂಡು ಎರಡು ಮರಿಗಳು!

ವಾಪಸು ಬರುವಾಗ ಮಗ ತಕರಾರು ತೆಗೆದ: ಬೆಲ್ಲ ಇಟ್ಟು ಕರೆದ ಕರಡಿ ಕಾಡುಪ್ರಾಣಿ ಹೇಗಾಗುತ್ತದೆ? ಗಾಡಿಯಲ್ಲಿ ಅರ್ಧ ಗಂಟೆ ವಾದ ನಡೆಯಿತು. ಕೊನೆಗೆ ಅತ್ತೆ, “ಬರುವುದೂ ಬಿಡುವುದೂ ಅದರ ಇಷ್ಟ. ಬೋನಿಲ್ಲವಲ್ಲ. ಆದರೆ ಬೆಲ್ಲದ ವಿಷಯವನ್ನೂ ಬರೆ” ಎಂದರು. ಪುಸ್ತಕದಲ್ಲಿ ಹಾಗೆಯೇ ಇದೆ: ‘ಕರಡಿ, ಬೆಲ್ಲ ಬಳಿದ ಬಂಡೆ. ಮೊದಲು ಕಂಡವರು: ದಾದಿ.’ ಆ ವರ್ಷದ ಮೊತ್ತ ಹದಿನಾರು.

ಅತ್ತೆ 2021ರಲ್ಲಿ ತೀರಿಕೊಂಡರು. ಅಲ್ಲಾಹನು ಅವರಿಗೆ ಕರುಣೆ ತೋರಲಿ. ಪುಸ್ತಕ ಮುಂದುವರಿದಿದೆ. ಮಗಳು ಬೆಂಗಳೂರಿನಿಂದ ಫೋನಿನಲ್ಲಿ ತನ್ನ ಪಟ್ಟಿ ಹೇಳುತ್ತಾಳೆ, ನಾನು ಬರೆದುಕೊಳ್ಳುತ್ತೇನೆ. ಒಮ್ಮೊಮ್ಮೆ, “ನೀನು ಕಂಡದ್ದಾ, ಯಾರಾದರೂ ಹೇಳಿದ್ದಾ?” ಎಂದು ಕೇಳುತ್ತೇನೆ. ಅವಳು ನಗುತ್ತಾಳೆ. ಇಪ್ಪತ್ತು ಇನ್ನೂ ಆಗಿಲ್ಲ.

ಸೋದರಿಯರೇ, ಇದಕ್ಕೆ ಕ್ಯಾಮರಾ, ದುರ್ಬೀನು, ದುಬಾರಿ ರೆಸಾರ್ಟ್ ಯಾವುದೂ ಬೇಡ. ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದ ನಾಲ್ಕು ಖಾಲಿ ಹಾಳೆ ಸಾಕು. ನಾಳೆ ಬೆಳಿಗ್ಗೆ ಪಾತ್ರೆ ತೊಳೆಯುವಾಗ ಅಡುಗೆಮನೆಯ ಕಿಟಕಿಯಿಂದ ಒಮ್ಮೆ ಹೊರಗೆ ನೋಡಿ. ಬಹುಶಃ ಒಂದು ಅಳಿಲಾದರೂ ಸಿಕ್ಕೀತು.