ಮಳೆಯ ಲೆಕ್ಕವೂ ಕೆರೆಯ ಸಾಕ್ಷ್ಯವೂ

ಸೊರಬ ತಾಲ್ಲೂಕಿನಲ್ಲಿ ಆನವಟ್ಟಿಗೆ ಸಮೀಪವಾಗಿರುವ ಕುಬಟೂರು, ಶಾಸನಗಳಲ್ಲಿ ಕುಪ್ಪಟೂರೆಂದು ಹೆಸರಾದ ಪುರಾತನ ಸ್ಥಳ. ಸುಮಾರು 1100ರಲ್ಲಿ ಕಟ್ಟಿದ ಅಲ್ಲಿಯ ಕೈಟಭೇಶ್ವರ ದೇವಾಲಯವನ್ನು ನೋಡಲು ಬಂದವರು ಅದರ ಕಂಬಗಳ ನುಣುಪನ್ನು ಕೊಂಡಾಡಿ ಹಿಂದಿರುಗುವರು. ಆ ಸೀಮೆಯ ಪೂರ್ವಿಕರ ಮತ್ತೊಂದು ನಿರ್ಮಾಣದ ಕಡೆಗೆ, ಎಂದರೆ ಊರೂರಿನ ಕೆರೆಗಳ ಕಡೆಗೆ, ಅಷ್ಟು ಜನರ ದೃಷ್ಟಿ ಹರಿಯುವುದಿಲ್ಲ. ದೇವಾಲಯದ ಶಿಲೆ ಒಂಬತ್ತು ಶತಮಾನಗಳನ್ನು ತಾಳಿಕೊಂಡಿತು. ಕೆರೆಯ ಅಂಗಳವಾದರೋ ಪ್ರತಿ ಮಳೆಗಾಲಕ್ಕೂ ತುಸುತುಸುವಾಗಿ ಹೂಳಿನಿಂದ ತುಂಬುತ್ತ ಬರುವುದು. ಆ ಹೂಳು ಎಲ್ಲಿಂದ ಬಂದಿತು, ಎಷ್ಟು ಬಂದಿತು, ಯಾವ ಇಳಿಜಾರಿಗೆ ಮೊದಲು ಬದು ಹಾಕಿದರೆ ಅದು ನಿಂತೀತು ಎಂಬ ಪ್ರಶ್ನೆಗಳಿಗೆ ಈಗಿನ ಕಾಲದಲ್ಲಿ ಗಣಕಯಂತ್ರವು ಉತ್ತರ ಹೇಳುತ್ತಿದೆ. ಆ ಉತ್ತರವನ್ನು ನಂಬುವ ಮುನ್ನ ಪರೀಕ್ಷಿಸುವ ಬಗೆ ಯಾವುದೆಂಬುದೇ ಇಲ್ಲಿಯ ವಿಚಾರ.

ಮಳೆಯನ್ನಳೆಯುವುದು ನಮ್ಮ ದೇಶಕ್ಕೆ ಹೊಸತಲ್ಲ. ಕೋಷ್ಠಾಗಾರದಲ್ಲಿ ಒಂದು ಅರತ್ನಿಯಷ್ಟು ಬಾಯಗಲದ ಕುಂಡವನ್ನಿಟ್ಟು ಮಳೆಯ ಪ್ರಮಾಣವನ್ನು ತಿಳಿಯಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರವು ವಿಧಿಸುತ್ತದೆ. ಬಿದ್ದ ಮಳೆಯಲ್ಲಿ ಎಷ್ಟು ಇಂಗಿತು, ಎಷ್ಟು ಹರಿಯಿತು, ಹರಿದ ನೀರು ಎಷ್ಟು ಮಣ್ಣನ್ನು ಒಯ್ದಿತು ಎಂಬ ಲೆಕ್ಕ ಮಾತ್ರ ಈಚಿನದು. ಅಮೆರಿಕದ ವಿಶ್‌ಮಾಯರ್ ಮತ್ತು ಸ್ಮಿತ್ ಎಂಬ ವಿದ್ವಾಂಸರು, ಒಂದು ತಾಕಿನ ಒಂದು ವರ್ಷದ ಅಳತೆಯನ್ನು ಒಂದೆಂದು ಎಣಿಸಿದರೆ ಹತ್ತು ಸಾವಿರಕ್ಕೂ ಮಿಕ್ಕ ಅಳತೆಗಳನ್ನು ಕಲೆಹಾಕಿ, 1965ರಲ್ಲಿ ಒಂದು ಸೂತ್ರವನ್ನು ಪ್ರಕಟಿಸಿದರು. 1978ರಲ್ಲಿ ಅದನ್ನು ಪರಿಷ್ಕರಿಸಿದರು. ಮಳೆಯ ಹೊಡೆತ, ಮಣ್ಣಿನ ಸಡಿಲತೆ, ಇಳಿಜಾರಿನ ಉದ್ದ, ಅದರ ಕಡಿದು, ನೆಲದ ಮೇಲಣ ಹೊದಿಕೆ, ಬದು ಮೊದಲಾದ ರೈತನ ಉಪಾಯ, ಈ ಆರನ್ನೂ ಗುಣಿಸಿದರೆ ವರ್ಷಕ್ಕೆ ಸರಾಸರಿ ಎಷ್ಟು ಮಣ್ಣು ಸವೆಯುವುದೆಂಬುದು ದೊರೆಯುತ್ತದೆ. 1990ರ ದಶಕದಲ್ಲಿ ಆ ದೇಶದಲ್ಲಿಯೇ ಸಿದ್ಧವಾದ ‘ಸ್ವಾಟ್’ ಎಂಬ ಗಣಕ ಮಾದರಿಯು ಇದೇ ಬಗೆಯ ಲೆಕ್ಕವನ್ನು ಒಂದು ನದೀಪ್ರದೇಶಕ್ಕೆಲ್ಲ ದಿನದಿನವೂ ಮಾಡಬಲ್ಲುದು.

ಆದರೆ ಇದು ಅನುಮಾನ ಪ್ರಮಾಣವೇ ಹೊರತು ಪ್ರತ್ಯಕ್ಷವಲ್ಲ. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಬೆಂಕಿಯುಂಟೆಂದು ಊಹಿಸುವವನು, ಅಡಿಗೆಯ ಮನೆಯಲ್ಲಿ ಅವೆರಡರ ಸಂಬಂಧವನ್ನು ಮೊದಲೇ ಕಂಡಿರಬೇಕು. ಮಂಜನ್ನೇ ಹೊಗೆಯೆಂದು ಬಗೆದರೆ ಊಹೆ ಕೆಡುವುದು. ಮೇಲಣ ಸೂತ್ರದ ಅಡಿಗೆಮನೆ ಅಮೆರಿಕದ ಹೊಲ: 22.13 ಮೀಟರು ಉದ್ದ, ನೂರಕ್ಕೆ ಒಂಬತ್ತರ ಇಳಿಜಾರು. ಸೊರಬದ ನೆಲವಾದರೋ ಬೇರೆ. ಇಲ್ಲಿ ನಿತ್ಯಹಸುರಿನ ಕಾನುಗಳುಂಟು. ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬವರು 1868ರಷ್ಟು ಹಿಂದೆಯೇ ಅವುಗಳನ್ನು ಕುರಿತು ಜಂಟಿ ವರದಿಯನ್ನು ಬರೆದರು. ತರಗೆಲೆಯ ದಪ್ಪ ಹಾಸಿಗೆಯುಳ್ಳ ಕಾನಿಗೂ, ತೋಟಕ್ಕೆ ಸೊಪ್ಪು ಕೊಡುವ ಸೊಪ್ಪಿನಬೆಟ್ಟಕ್ಕೂ, ಮುಂಗಾರಿಗೆ ಮುನ್ನ ಮಣ್ಣನ್ನು ಸಡಿಲಿಸಿ ಏರಿಸಿದ ಶುಂಠಿಯ ಮಡಿಗೂ ಪರದೇಶದ ಕೋಷ್ಟಕದಿಂದ ಒಂದೊಂದು ಅಂಕವನ್ನು ಎರವಲು ತಂದರೆ, ಮಂಜನ್ನು ಹೊಗೆಯೆಂದಂತೆ ಆಗಬಹುದು.

ಪರೀಕ್ಷೆಯ ಕ್ರಮವಾದರೂ ಸರಳವಾದದ್ದೇ. ಹತ್ತು ವರ್ಷಗಳ ಮಳೆ ಮತ್ತು ಹೊಳೆಯ ಅಳತೆಗಳಿದ್ದರೆ, ಐದು ವರ್ಷಗಳದನ್ನು ತೋರಿಸಿ ಮಾದರಿಯ ಅಂಕಗಳನ್ನು ಹೊಂದಿಸುವರು. ಉಳಿದ ಐದನ್ನು ಮರೆಮಾಡಿಟ್ಟು, ಅವುಗಳನ್ನು ಮಾದರಿಯೇ ಹೇಳಲೆಂದು ಬಿಡುವರು. ಹಲಗೆಯ ಮೇಲಣ ಲೆಕ್ಕವನ್ನು ಬಾಯಿಪಾಠ ಮಾಡಿದ ಹುಡುಗನಿಗೆ ಕಾಣದ ಲೆಕ್ಕವನ್ನು ಕೊಟ್ಟರಲ್ಲವೆ ಅವನ ಜ್ಞಾನ ತಿಳಿಯುವುದು? ಉತ್ತರಕ್ಕೆ ಅಂಕ ಕೊಡುವ ವಿಧಾನವನ್ನು ನ್ಯಾಶ್ ಮತ್ತು ಸಟ್‌ಕ್ಲಿಫ್ 1970ರಲ್ಲಿ ಸೂಚಿಸಿದರು. ಒಂದು ಬಂದರೆ ಪೂರ್ಣ ಹೊಂದಿಕೆ. ಸೊನ್ನೆ ಬಂದರೆ, ಪ್ರತಿದಿನವೂ ಸರಾಸರಿಯನ್ನೇ ಒಪ್ಪಿಸುವವನಿಗಿಂತ ಮಾದರಿಯು ಮೇಲಲ್ಲ. ಸೊನ್ನೆಗಿಂತ ಕೆಳಗಿಳಿದರೆ ಅವನಿಗಿಂತಲೂ ಕಡೆ.

ಇಷ್ಟರಿಂದಲೇ ತೃಪ್ತಿ ಸಲ್ಲದು. ನೀರಿನ ಲೆಕ್ಕದಲ್ಲಿ ಗೆದ್ದ ಮಾದರಿ ಮಣ್ಣಿನ ಲೆಕ್ಕದಲ್ಲಿ ಸೋಲುವುದುಂಟು. ಕೆಲವೇ ದಿನಗಳ ಜಡಿಮಳೆ ವರ್ಷದ ಬಹುಪಾಲು ಮಣ್ಣನ್ನು ಒಯ್ಯುವುದರಿಂದ, ಆ ದಿನಗಳಲ್ಲಿ ತಪ್ಪಿದರೆ ಎಲ್ಲವೂ ತಪ್ಪಿದಂತೆಯೇ. ಇಷ್ಟಲ್ಲದೆ, ಹೊಳೆಯ ಕೊನೆಯಲ್ಲಿ ಮೊತ್ತ ಸರಿಹೊಂದಿದರೂ, ಕಾನಿನಿಂದ ಹೆಚ್ಚು, ಹೊಲದಿಂದ ಕಡಿಮೆ ಎಂದು ಒಳಗೆ ಅದಲುಬದಲಾಗಿರಬಹುದು. ಆಗ ಬದುವಿನ ಹಣ ಬೇಡದ ಕಡೆ ವೆಚ್ಚವಾಗಿ, ಅಚ್ಚುಕಟ್ಟಿನ ಕೊನೆಯ ಗದ್ದೆಯವನಿಗೆ ಬೇಸಗೆಯ ನೀರು ತಪ್ಪುವುದು.

ಆದಕಾರಣ ಸ್ವಂತ ನೆಲದ ಅಳತೆಯೇ ಆಧಾರ. 1954ರಲ್ಲಿ ಬಳ್ಳಾರಿಯಲ್ಲಿ ಸ್ಥಾಪಿತವಾದ ಮಣ್ಣು ಮತ್ತು ನೀರಿನ ಸಂರಕ್ಷಣಾ ಸಂಶೋಧನಾ ಕೇಂದ್ರವು ಅಲ್ಪವೃಷ್ಟಿಯ ಎರೆಭೂಮಿಯನ್ನು ಕುರಿತು ದುಡಿಯಿತು. ಅಲ್ಲಿಯ ಅಂಕ ಮಲೆನಾಡಿಗೆ ಸಲ್ಲದು. ಸೊರಬದ ನೆರೆಯ ಉತ್ತರ ಕನ್ನಡದಲ್ಲಿ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯ ಬೆಳಗಾವಿ ಕೇಂದ್ರದ ವಿದ್ವಾಂಸರೂ ಅವರ ಸಂಗಡಿಗರೂ ಸಹಜಾರಣ್ಯ, ಹಾಳುಬಿದ್ದ ಕಾಡು, ಅಕೇಶಿಯಾ ತೋಪು ಇವುಗಳಲ್ಲಿ ನೀರು ಇಂಗುವ ಪರಿಯನ್ನು ಅಳೆದು, ಹಾಳುಬಿದ್ದ ನೆಲವು ಸಹಜಾರಣ್ಯದಷ್ಟು ನೀರನ್ನು ಹೀರಲಾರದೆಂದು ಕಂಡರು. ಇಂತಹ ಪ್ರತ್ಯಕ್ಷದ ಮೇಲೆ ನಿಂತ ಅನುಮಾನಕ್ಕೆ ಬಲವುಂಟು.

ಅಳತೆಯೂ ಪರೀಕ್ಷೆಗೆ ಹೊರತಲ್ಲ. ಸೊರಬದ ದಂಡಾವತಿಯು ವರದೆಯನ್ನು ಕೂಡುವುದು. ವರದೆಯು ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರಿ ಹೊಸಪೇಟೆಯ ಜಲಾಶಯಕ್ಕೆ ಹೋಗುವುದು. 1953ರಲ್ಲಿ ಸುಮಾರು 133 ಟಿ.ಎಂ.ಸಿ. ಹಿಡಿಯುತ್ತಿದ್ದ ಆ ಜಲಾಶಯವು 2008ರ ಅಳತೆಯಲ್ಲಿ ಸುಮಾರು 101, 2016ರ ಅಳತೆಯಲ್ಲಿ ಸುಮಾರು 106 ಎಂದು ಕಂಡುಬಂದಿತು. ಹೂಳು ತಾನಾಗಿ ಕರಗುವ ವಸ್ತುವಲ್ಲವಷ್ಟೆ. ಎರಡು ಅಳತೆಗಳಲ್ಲಿ ಒಂದಾದರೂ ಸ್ಥೂಲವಾಗಿದ್ದಿರಬೇಕು.

ಕುಬಟೂರಿನ ಸೀಮೆಗೆ ಇದರಿಂದ ಒಂದು ಪ್ರಯೋಜನವುಂಟು. ಪ್ರತಿಯೊಂದು ಕೆರೆಯೂ ತನ್ನ ಮೇಲಣ ಇಳಿಜಾರಿನ ಮಣ್ಣನ್ನು ಹಿಡಿದಿಟ್ಟುಕೊಂಡಿರುವ ಅಳತೆಯ ಪಾತ್ರೆ. ಹೂಳೆತ್ತುವಾಗ ಎಷ್ಟು ಎತ್ತಲಾಯಿತು, ಹಿಂದೆ ಎತ್ತಿ ಎಷ್ಟು ವರ್ಷವಾಯಿತು ಎಂದು ಬರೆದಿಟ್ಟರೆ, ತೂಬಿನ ಬಳಿ ಗುರುತಿನ ಕಲ್ಲನ್ನು ನಿಲ್ಲಿಸಿ ನೀರಿನ ಮಟ್ಟವನ್ನು ದಿನವೂ ನೋಡಿದರೆ, ಶಾಲೆಯ ಅಂಗಳದಲ್ಲಿ ಮಳೆಯ ಮಾಪಕವನ್ನಿಟ್ಟರೆ, ಯಾವ ಗಣಕಯಂತ್ರದ ಲೆಕ್ಕವನ್ನಾದರೂ ಊರಿನವರೇ ಒರೆಗೆ ಹಚ್ಚಬಹುದು. ಇದಕ್ಕೆ ಬೇಕಾದುದು ಒಂದು ಕಡತ, ಒಂದು ಅಳತೆಗೋಲು ಮತ್ತು ಮಳೆಗಾಲವಿಡೀ ಬೆಳಗಿನ ಹೊತ್ತು ತಪ್ಪದ ಒಬ್ಬ ವಿದ್ಯಾರ್ಥಿ.